ಅನುದಾನದ ಅರ್ಜಿಗೆ ಮೊದಲು ಮನೆಗಳ ಪಟ್ಟಿ

ಅಮೆರಿಕದ ಹಳ್ಳಿಗಾಡಿನಲ್ಲಿ ಇಂಟರ್ನೆಟ್ ಕೊಡುವ ಸಣ್ಣ ಕಂಪನಿಗಳಿಗೆ ಸರ್ಕಾರಿ ಅನುದಾನದ ಅರ್ಜಿ ತಯಾರು ಮಾಡಿಕೊಡುವುದು ನನ್ನ ಕೆಲಸ. 2021ರ ಮೂಲಸೌಕರ್ಯ ಕಾಯ್ದೆಯಲ್ಲಿ, ಒಳ್ಳೆಯ ಇಂಟರ್ನೆಟ್ ಇಲ್ಲದ ಕಡೆಗೆ ಅದನ್ನು ಮುಟ್ಟಿಸುವ ಬೀಡ್ ಯೋಜನೆಗೆ 42.45 ಬಿಲಿಯನ್ ಡಾಲರ್ ಇಟ್ಟ ಮೇಲಂತೂ ಬಂದವರೆಲ್ಲ ಕೇಳಿದ್ದು ಒಂದೇ: "ಬರೆಯೋಕೆ ಯಾವಾಗ ಕೂರೋಣ?" ಬರವಣಿಗೆ ಆಮೇಲೆ ಇರಲಿ, ಮೊದಲು ಮನೆಗಳ ಪಟ್ಟಿ ತೆಗೆಯಿರಿ ಅನ್ನುತ್ತೇನೆ ನಾನು.

ಹಳ್ಳಿಗೆ ಇಂಟರ್ನೆಟ್ ಯಾಕೆ ಬೇಕು ಅಂತ ಪುಟಗಟ್ಟಲೆ ಬರೆಯುವವರಿದ್ದಾರೆ. ಅದು ಗೊತ್ತಿದ್ದಕ್ಕೇ ಅಲ್ವಾ ಸರ್ಕಾರ ದುಡ್ಡು ಇಟ್ಟಿರುವುದು? ಅವರಿಗೆ ಬೇಕಾಗಿರುವುದು ಯಾವ ಮನೆ, ಈಗ ಅಲ್ಲಿ ಏನಿದೆ ಅನ್ನುವುದು.

ಇದು ಕೇಳಿದಷ್ಟು ಸುಲಭವಲ್ಲ. ಮೊದಲೆಲ್ಲ ಎಫ್‌ಸಿಸಿ, ಅಂದರೆ ಅಮೆರಿಕದ ದೂರಸಂಪರ್ಕ ನಿಯಂತ್ರಕ ಸಂಸ್ಥೆ, ಜನಗಣತಿಗೆ ಮಾಡಿಕೊಂಡ ಸಣ್ಣ ಪ್ರದೇಶಗಳಾದ ಬ್ಲಾಕ್‌ಗಳ ಲೆಕ್ಕ ಹಿಡಿಯುತ್ತಿತ್ತು. ಒಂದು ಬ್ಲಾಕಿನಲ್ಲಿ ಒಂದೇ ಮನೆಗೆ ಸೇವೆ ಸಿಗುತ್ತಿದ್ದರೂ ಇಡೀ ಬ್ಲಾಕಿಗೆ ಸಿಗುತ್ತಿದೆ ಅಂತಲೇ ಲೆಕ್ಕ. 2022ರ ನವೆಂಬರ್‌ನಲ್ಲಿ ಬಂದ ಹೊಸ ನಕ್ಷೆಯಲ್ಲಿ ಒಂದೊಂದು ಕಟ್ಟಡಕ್ಕೂ ಒಂದೊಂದು ಚುಕ್ಕೆ. ಬೀಡ್ ನಿಯಮದ ಪ್ರಕಾರ ಡೌನ್‌ಲೋಡ್ 25, ಅಪ್‌ಲೋಡ್ 3 ಎಂಬಿಪಿಎಸ್ ಕೂಡ ಇಲ್ಲದ ಮನೆ ಮೊದಲ ಸಾಲಿನಲ್ಲಿ, ಡೌನ್‌ಲೋಡ್ 100, ಅಪ್‌ಲೋಡ್ 20 ಮುಟ್ಟದ ಮನೆ ಎರಡನೆಯ ಸಾಲಿನಲ್ಲಿ.

ತೊಡಕು ಏನೆಂದರೆ, ನಕ್ಷೆಯಲ್ಲಿರುವ ವೇಗ ಕಂಪನಿಗಳು ತಾವೇ ಬರೆದುಕೊಟ್ಟದ್ದು. ಮನೆಯಲ್ಲಿ ನಿಜವಾಗಿ ಬರುವ ವೇಗವಲ್ಲ, ಜಾಹೀರಾತಿನ ವೇಗ. ಗ್ರಾಹಕ ಕೇಳಿದರೆ ಹತ್ತು ಕೆಲಸದ ದಿನಗಳೊಳಗೆ ಮಾಮೂಲಿ ಶುಲ್ಕದಲ್ಲಿ ಜೋಡಿಸಿಕೊಡುವಂತಿದ್ದರೆ ಅಲ್ಲಿ "ಸೇವೆ ಇದೆ" ಅಂತ ತೋರಿಸಬಹುದು. ರಸ್ತೆಯಲ್ಲಿ ಕೇಬಲ್ ಹೋಗಿರುತ್ತದೆ, ಮನೆ ರಸ್ತೆಯಿಂದ ದೂರ ಒಳಗಡೆ ಇರುತ್ತದೆ, ಕೇಳಿದರೆ ಸಾವಿರಾರು ಡಾಲರ್ ಹೆಚ್ಚಿಗೆ ಕೊಡಿ ಅನ್ನುತ್ತಾರೆ. ನಕ್ಷೆಯಲ್ಲಿ ಮಾತ್ರ ಆ ಮನೆಗೆ ಇಂಟರ್ನೆಟ್ ಇದೆ! ಇಂಥ ಕಡೆ ತಕರಾರು ಹಾಕಬಹುದು, ಆದರೆ ಪುರಾವೆ ಬೇಕು. ಕಂಪನಿ ಆಗುವುದಿಲ್ಲ ಅಂದ ಇಮೇಲ್, ಹೆಚ್ಚುವರಿ ಶುಲ್ಕದ ಅಂದಾಜು, ದಿನಾಂಕ ಕಾಣುವ ಸ್ಕ್ರೀನ್‌ಶಾಟ್. ಇವನ್ನು ತಕರಾರಿನ ಅವಧಿ ತೆರೆದ ಮೇಲೆ ಹುಡುಕಲು ಹೊರಟರೆ ಸಿಗುವುದಿಲ್ಲ. ಊರಿನ ಲೈಬ್ರರಿ, ಶಾಲೆಯವರ ಜೊತೆ ಮುಂಚೆಯೇ ಮಾತಾಡಿ ಕೂಡಿಸಿಟ್ಟುಕೊಳ್ಳಬೇಕು.

ಪಟ್ಟಿ ಗಟ್ಟಿಯಾಗಿದ್ದರೆ ನಿಯಮ ಬದಲಾದರೂ ತಡೆಯುತ್ತದೆ. 2025ರ ಜೂನ್‌ನಲ್ಲಿ ಬೀಡ್‌ನಲ್ಲಿ ಫೈಬರ್‌ಗಿದ್ದ ಆದ್ಯತೆಯನ್ನೇ ತೆಗೆದುಹಾಕಿದರು. ಈ ದುಡ್ಡು ಹಂಚುವ ರಾಜ್ಯಗಳು ಮತ್ತೊಂದು ಸುತ್ತು ಬಿಡ್ ಕರೆದವು. ಬರೆದಿಟ್ಟ ವಿವರಣೆಯೆಲ್ಲ ಬಹುಪಾಲು ವ್ಯರ್ಥ. ಮನೆಗಳ ಪಟ್ಟಿ, ಕಂಬಗಳ ಲೆಕ್ಕ, ಒಂದೊಂದು ಮನೆಗೆ ಬೀಳುವ ಖರ್ಚು ಮಾತ್ರ ಮತ್ತೆ ಕೆಲಸಕ್ಕೆ ಬಂದವು.

ಇನ್ನು ದುಡ್ಡಿನ ವಿಷಯ. ಅನುದಾನ ಸಿಕ್ಕರೆ ಕೈಗೆ ದುಡ್ಡು ಬಂತು ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಮೊದಲು ನಾವು ಖರ್ಚು ಮಾಡಬೇಕು, ಬಿಲ್ ಕೊಟ್ಟ ಮೇಲೆ ಅವರು ಕೊಡುತ್ತಾರೆ. ಖರ್ಚಿನ ಕನಿಷ್ಠ ಶೇ. 25 ನಮ್ಮ ಪಾಲು, ತೀರಾ ದುಬಾರಿ ಪ್ರದೇಶಗಳಿಗೆ ವಿನಾಯಿತಿ. ಮೇಲಿಂದ ಅನುದಾನದ ಶೇ. 25ರಷ್ಟು ಮೊತ್ತಕ್ಕೆ ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್, ಅಂದರೆ ನಾವು ಕೆಲಸ ಮುಗಿಸದಿದ್ದರೆ ಬ್ಯಾಂಕ್ ದುಡ್ಡು ಕೊಡುವ ಖಾತರಿ ಪತ್ರ, ಕೇಳಿದ್ದರು. ಸಣ್ಣ ಕಂಪನಿಗೆ ಬ್ಯಾಂಕ್ ಅದನ್ನು ಸುಮ್ನೆ ಕೊಡುತ್ತದೆಯೇ? ಅಷ್ಟೇ ದುಡ್ಡು ಅಡ ಇಡಿ ಅನ್ನುತ್ತದೆ. ಈ ಕಷ್ಟ ಕಂಡು 2023ರ ನವೆಂಬರ್‌ನಲ್ಲಿ ಅದರ ಬದಲು ಕೆಲಸ ಮುಗಿಸುವ ಖಾತರಿಯ ಬಾಂಡ್ ಕೊಟ್ಟರೂ ಆಗುತ್ತದೆ ಅಂತ ಸಡಿಲಿಸಿದರು. ಆದರೂ ಬ್ಯಾಂಕಿನವರ ಜೊತೆ ಮೊದಲ ಮಾತು ಅರ್ಜಿಗಿಂತ ತಿಂಗಳುಗಳ ಮುಂಚೆ ಆಗಿರಬೇಕು.

ನಿಯಮ ಇಷ್ಟು ಬಿಗಿ ಯಾಕೆ ಅಂದರೆ, ಹಳ್ಳಿ ಇಂಟರ್ನೆಟ್‌ನ ಅನುದಾನಕ್ಕಾಗಿ ಎಫ್‌ಸಿಸಿ ನಡೆಸಿದ 2020ರ ಆರ್‌ಡಿಓಎಫ್ ಹರಾಜು. ಗೆದ್ದ ಬಿಡ್‌ಗಳ ಮೊತ್ತ ಸುಮಾರು 9.2 ಬಿಲಿಯನ್ ಡಾಲರ್. ಆಮೇಲೆ ಎಷ್ಟೋ ಕಂಪನಿಗಳು ಹಿಂದೆ ಸರಿದವು. ದೊಡ್ಡದಾಗಿ ಗೆದ್ದಿದ್ದ ಎರಡು ಕಂಪನಿಗಳನ್ನು 2022ರ ಆಗಸ್ಟ್‌ನಲ್ಲಿ ಎಫ್‌ಸಿಸಿಯೇ ತಿರಸ್ಕರಿಸಿತು. ಆ ಊರುಗಳ ಜನ ಕಾಯುತ್ತಲೇ ಉಳಿದರು. ಹಾಗಾಗಿ ಬ್ಯಾಂಕ್ ಕಾಗದದ ಬಗ್ಗೆ ಎಲ್ಲರೂ ಗೊಣಗುವಾಗ ನಾನು ಅಷ್ಟು ಗೊಣಗುವುದಿಲ್ಲ.

ಕಂಬಗಳನ್ನು ಮರೆಯಬೇಡಿ. ಅವು ಹೆಚ್ಚಾಗಿ ಕರೆಂಟ್ ಕಂಪನಿಯವು, ಇಲ್ಲ ಫೋನ್ ಕಂಪನಿಯವು. ನಮ್ಮ ಕೇಬಲ್‌ಗೆ ಜಾಗ ಮಾಡಲು ಅವರ ತಂತಿ ಸರಿಸಬೇಕು, ಹಳೆಯ ಕಂಬವಾದರೆ ಬದಲಿಸಲೂಬೇಕು. ಆ ಖರ್ಚು ಯಾರದು ಅನ್ನುವ ಜಗಳಕ್ಕೆ ಕೊನೆಯಿಲ್ಲ. ಅಂದಾಜಿನಲ್ಲಿ ಅದಕ್ಕೆ ದುಡ್ಡು ಇಡದ ಅರ್ಜಿಯನ್ನು ನಾನು ಮುಂದಕ್ಕೆ ಕಳಿಸುವುದಿಲ್ಲ.

ಅಂದಹಾಗೆ, ಸರ್ಕಾರಿ ಅನುದಾನ ಕೇಳುವವರು ಹೆಸರು ದಾಖಲಿಸುವ ಸ್ಯಾಮ್ ಡಾಟ್ ಗವ್ ಜಾಲತಾಣದ ನೋಂದಣಿಯನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದರ ಪಾಸ್‌ವರ್ಡ್ ಕೆಲಸ ಬಿಟ್ಟು ಹೋದವರ ಇಮೇಲ್‌ಗೆ ಜೋಡಿಸಿದೆಯಾ ಅಂತ ಇವತ್ತೇ ನೋಡಿಕೊಳ್ಳಿ.