ಶಾಂತ ದ್ರವದ ಅಂಕಿ ನಂಬಿ ಕಾಯಿಲ್ ಬಿಚ್ಚಬೇಡಿ

"ಕಾಯಿಲ್ ಬಿಚ್ಚಿ, ಇನ್ಸುಲೇಶನ್ ಹೋಗಿದೆ." ಮೇಲಿನವರ ಆ ಮಾತು ನನಗೆ ಈಗಲೂ ಚುಚ್ಚುತ್ತದೆ. ಆ ಸೂಪರ್‌ಕಂಡಕ್ಟರ್ ಕಾಯಿಲ್ (ಚೆನ್ನಾಗಿ ತಣ್ಣಗಾದರೆ ತಡೆಯೇ ಇಲ್ಲದೆ ಕರೆಂಟ್ ಹರಿಯುವ ತಂತಿಯ ಸುರುಳಿ) ಸುತ್ತಿದ್ದು ನಮ್ಮ ಹುಡುಗರು. ಇನ್ಸುಲೇಶನ್ನಿಗೆ ಸುತ್ತುವ ಕ್ಯಾಪ್ಟಾನ್ ಟೇಪಿನ ಒಂದೊಂದು ಸುತ್ತನ್ನೂ ಲೆನ್ಸ್ ಹಿಡಿದು ನೋಡಿದವರು.

ಮಂಗಳೂರಿನ ಜುಲೈ ಮಳೆ. ಬೈಕಂಪಾಡಿಯಿಂದ ಲಿಕ್ವಿಡ್ ನೈಟ್ರೋಜನ್ ಬಂದದ್ದೇ ತಡವಾಗಿ. ಸಂಜೆಯೊಳಗೆ ರಿಪೋರ್ಟ್ ಬೇಕು ಅಂತ ಫೋನ್ ಮೇಲೆ ಫೋನ್. ಕಾಯಿಲ್ ಇಟ್ಟ ಕ್ರಯೋಸ್ಟಾಟ್ (ತಣ್ಣನೆಯ ದ್ರವ ಹಿಡಿಯುವ ಪಾತ್ರೆ) ತುಂಬಿಸಿದ ಕೂಡಲೇ ಎಚ್‌ವಿ, ಅಂದರೆ ಹೈ ವೋಲ್ಟೇಜ್, ಏರಿಸಿದೆವು. ಇನ್ಸುಲೇಶನ್ನಿನಲ್ಲಿ ಏಳುವ ಸಣ್ಣ ಕಿಡಿಗಳನ್ನು (ಪಾರ್ಶಿಯಲ್ ಡಿಸ್ಚಾರ್ಜ್) ಚುಕ್ಕೆಯಾಗಿ ತೋರಿಸುವ ಪಿಡಿ ಮೀಟರಿನಲ್ಲಿ ಮೊದಲು ಏನೂ ಇಲ್ಲ. ಆಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕೆ. ನೋಡ್ತಾ ನೋಡ್ತಾ ಪರದೆ ತುಂಬ ಚುಕ್ಕೆ. ಟಪ್ ಅಂತ ಟ್ರಿಪ್ ಆಯ್ತು. ಯಾರೂ ಮಾತಾಡಲಿಲ್ಲ.

ಅರ್ತ್ ರಾಡ್ ಹಾಕಿ, ಗಾಜಿನ ಮಂಜು ಒರೆಸಿ ಒಳಗೆ ನೋಡಿದೆ. ಕಾಯಿಲ್ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ. ಸುತ್ತಲೂ ಕುಚಲಕ್ಕಿ ಗಂಜಿ ಕುದಿಯುವ ಹಾಗೆ ಗುಳ್ಳೆ. ಹೈ ವೋಲ್ಟೇಜ್ ತಂತಿ ಒಳಹೋಗುವ ಬುಶಿಂಗ್ ಮೇಲೆ ಬೇರೆ ನೀರಿಳಿಯುತ್ತಿತ್ತು.

"ಬಿಚ್ಚುವುದು ಬೇಡ ಮಾರಾಯ್ರೇ, ಎಂತ ಅವಸರ? ಕುದಿ ನಿಲ್ಲಲಿ" ಅಂದೆ.

ಬುಶಿಂಗ್ ಒರೆಸಿ ಒಣ ನೈಟ್ರೋಜನ್ ಗ್ಯಾಸ್ ಊದಿಸಿದೆವು. ಕುದಿ ತಗ್ಗಿತು. ಮತ್ತೆ ಏರಿಸಿದರೆ, ಮೊದಲು ಟ್ರಿಪ್ ಆದ ವೋಲ್ಟೇಜ್ ದಾಟಿದರೂ ಪರದೆ ಖಾಲಿ! ಈಗ ಬೇಕಂತಲೇ ಕಾಯಿಲ್ ಹಿಂದಿನ ಹೀಟರ್ ಹಾಕಿದೆವು. ಗುಳ್ಳೆ ಎದ್ದಿತು, ಚುಕ್ಕೆಯೂ ಬಂತು. ಹೀಟರ್ ಆಫ್ ಮಾಡಿ ಕುದಿ ನಿಂತ ಮೇಲೆ ಚುಕ್ಕೆಯೂ ಹೋಯಿತು. ಕಾಯಿಲ್ ಚೆನ್ನಾಗಿಯೇ ಇತ್ತು.

ಮೈನಸ್ 196 ಡಿಗ್ರಿಯ ಲಿಕ್ವಿಡ್ ನೈಟ್ರೋಜನ್ ನಿಜಕ್ಕೂ ಒಳ್ಳೆಯ ಇನ್ಸುಲೇಟರ್. ಆದರೆ ಅದರೊಳಗಿನ ಗುಳ್ಳೆ ಬರೀ ಗ್ಯಾಸ್, ತಡೆಯುವ ಶಕ್ತಿ ಕಡಿಮೆ. ಮೇಲಾಗಿ ದ್ರವದ ಡೈಎಲೆಕ್ಟ್ರಿಕ್ ಕಾನ್ಸ್ಟಂಟ್ ಸುಮಾರು 1.43, ಗ್ಯಾಸಿನದು ಹೆಚ್ಚುಕಡಿಮೆ 1; ಈ ಅಂಕಿ ಕಡಿಮೆ ಇರುವ ಕಡೆ ಎಲೆಕ್ಟ್ರಿಕ್ ಫೀಲ್ಡ್, ಅಂದರೆ ವೋಲ್ಟೇಜಿನ ಹೊರೆ, ಜಾಸ್ತಿ ಬೀಳುತ್ತದೆ. ಹಾಗಾಗಿ ಉರುಟು ಗುಳ್ಳೆಯೊಳಗೆ ಫೀಲ್ಡ್ ಸುತ್ತಲಿಗಿಂತ ಶೇಕಡಾ 11ರಷ್ಟು ಜಾಸ್ತಿ. ತಾಕತ್ತು ಕಡಿಮೆ ಇರುವಲ್ಲೇ ಹೊರೆ ಹೆಚ್ಚು. ಹೀಲಿಯಂ ಗ್ಯಾಸ್ ಆದರೆ ಇನ್ನೂ ಕಷ್ಟ, ಅದು ಗಾಳಿಗಿಂತ ಎಷ್ಟೋ ಕಡಿಮೆ ವೋಲ್ಟೇಜಿಗೇ ಕಿಡಿ ಹಾರಿ ಬ್ರೇಕ್‌ಡೌನ್ ಆಗುತ್ತದೆ.

ದ್ರವ ಎಷ್ಟು ವೋಲ್ಟೇಜ್ ತಡೆಯುತ್ತದೆ ಅಂತ ಡೇಟಾಶೀಟಿನಲ್ಲಿ ಕೊಟ್ಟ ಅಂಕಿ ಕುದಿಯದ, ಶಾಂತ ದ್ರವದ್ದು. ಕಾಯಿಲ್ ಕ್ವೆಂಚ್ ಆದಾಗ, ಅಂದರೆ ಅದರ ಸೂಪರ್‌ಕಂಡಕ್ಟರ್ ಗುಣ ತಪ್ಪಿದಾಗ, ಬಿಸಿಯಾಗುತ್ತದೆ, ದ್ರವ ಕುದಿಯುತ್ತದೆ, ವೋಲ್ಟೇಜ್ ಏಳುವುದೂ ಆಗಲೇ. ಆ ಹೊತ್ತಿಗೆ ತಡೆಯುತ್ತದಾ ಅನ್ನುವುದೇ ನಮಗೆ ಬೇಕಾದ ಉತ್ತರ, ಅಲ್ವಾ? ಈಗ ನಮ್ಮ ರಿಪೋರ್ಟಿನಲ್ಲಿ ಹೀಟರ್ ಆನ್, ಹೀಟರ್ ಆಫ್ ಅಂತ ಎರಡು ಕಾಲಂ ಇದೆ.

ಇದಕ್ಕೆ ಮದ್ದೂ ಇದೆ. ಒತ್ತಡ 3 ಬಾರ್‌ಗೆ ಏರಿಸಿದರೆ ಕುದಿಬಿಂದು 77ರಿಂದ ಸುಮಾರು 88 ಕೆಲ್ವಿನ್‌ಗೆ ಹೋಗುತ್ತದೆ, ಗುಳ್ಳೆ ಅಷ್ಟು ಸುಲಭಕ್ಕೆ ಏಳುವುದಿಲ್ಲ. ಅದಕ್ಕೆ ಒತ್ತಡ ತಡೆಯುವ ಕ್ರಯೋಸ್ಟಾಟ್ ಬೇಕು. ಅದರ ಖರೀದಿಗೆ ಇಂಡೆಂಟ್ ಹಾಕಿದರೆ "ಇದ್ದದ್ದರಲ್ಲೇ ಮುಗಿಸಿ" ಅಂತ ವಾಪಸ್ ಬಂತು. ಎರಡು ಕಾಲಂನ ರಿಪೋರ್ಟ್ ಲಗತ್ತಿಸಿ ಮತ್ತೆ ಕಳಿಸಿದ್ದೇನೆ.