ಉಂಡ ಮನೆಯ ಗಳ ಎಣಿಸುವವರು

ಚಿತ್ರದುರ್ಗದ ಬಸ್ ನಿಲ್ದಾಣದಿಂದ ಕೂಗಳತೆಯ ದೂರದಲ್ಲಿ ನನ್ನ ಸೋದರಮಾವ ಒಂದು ಖಾನಾವಳಿ ನಡೆಸುತ್ತಿದ್ದರು. ಮುಂದೆ ಆರು ಮೇಜು, ಹಿಂದೆ ಹೊಗೆ ಹಿಡಿದು ಕಪ್ಪಾಗಿದ್ದ ಅಡುಗೆಮನೆ, ಅದಕ್ಕೆ ಅಂಟಿಕೊಂಡು ಜೋಳದ ಚೀಲಗಳನ್ನು ಒಟ್ಟುತ್ತಿದ್ದ ಕಿಟಕಿಯಿಲ್ಲದ ಕೋಣೆ. ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯವರ ಪಟ. ಅದರ ಕೆಳಗೆ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಬರಹ. ಏಳನೆಯ ತರಗತಿಯಲ್ಲಿದ್ದ ನಾನು ಶಾಲೆ ಬಿಟ್ಟ ಮೇಲೆ ಆ ಚೀಲಗಳ ಮೇಲೆ ಹತ್ತಿ ಮಲಗಿ, ಬಾಗಿಲ ಸಂದಿಯಿಂದ ಬೀಳುವ ಬೆಳಕಿನಲ್ಲಿ, ಮಾವ ಬಾಡಿಗೆಗೆ ತಂದಿಟ್ಟಿರುತ್ತಿದ್ದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಕದ್ದು ಓದುತ್ತಿದ್ದೆ.

ನಾಯಕನಹಟ್ಟಿಯ ತೇರಿಗೆ ಮೂರು ದಿನ ಉಳಿದಿದ್ದ ಒಂದು ಸಂಜೆ ಅಡುಗೆಯವನು ಪಾತ್ರೆ ತೊಳೆಯುವ ಹುಡುಗನನ್ನು ಕರೆತಂದು ಆ ಬಾಗಿಲ ಮುಂದೆಯೇ ಕುಳಿತು ಬೀಡಿ ಹಚ್ಚಿದ. ತೇರಿನ ಹಿಂದಿನ ದಿನ ಇಬ್ಬರೂ ಹೇಳದೆ ಕೇಳದೆ ಎದ್ದು ಹೋಗುವುದು, ಇನ್ನೊಂದು ಖಾನಾವಳಿಯವನು ದಿನಕ್ಕೆ ಐದು ರೂಪಾಯಿ ಹೆಚ್ಚಿಗೆ ಕೊಡಲು ಒಪ್ಪಿರುವುದು, ಜಾತ್ರೆಯ ಜನ ಬಂದು ಎಲೆಯ ಮುಂದೆ ಕುಳಿತಾಗ ಸಾಹುಕಾರನಿಗೆ ತಮ್ಮ ಬೆಲೆ ತಿಳಿಯಲಿರುವುದು, ಇದಿಷ್ಟೂ ನನ್ನ ತಲೆಯಿಂದ ಎರಡು ಮೊಳ ದೂರದಲ್ಲಿ ನಡೆದ ಮಾತು. ಹುಡುಗ ಹಿಂದೆಮುಂದೆ ನೋಡಿದಾಗ ಅಡುಗೆಯವನು, ‘ನಿನ್ನಂಥ ಚುರುಕು ಹುಡುಗನ್ನ ಈ ದುರ್ಗದಾಗೇ ಕಂಡಿಲ್ಲ ಕಣಪ್ಪ, ನನ್ನ ಜತಿಗಿದ್ರೆ ಮುಂದಕ್ಕೆ ಬರ್ತೀಯ’ ಎಂದ. ಅವನು ಮಾವನಿಗೆ ಬಗೆಯುತ್ತಿದ್ದ ಮೋಸಕ್ಕಿಂತ ಆ ಒಂದು ಮಾತು ನನ್ನನ್ನು ಹೆಚ್ಚು ಚುಚ್ಚಿತು. ಹಿಂದಿನ ದಿನವಷ್ಟೇ ಬಿಸಿ ಮೆಣಸಿನಕಾಯಿ ಬಜ್ಜಿಯೊಂದನ್ನು ನನ್ನ ಕೈಗಿಟ್ಟು, ಒಂದಕ್ಷರವೂ ಬದಲಾಗದ ಅದೇ ಮಾತನ್ನು ಅವನು ನನಗೆ ಹೇಳಿದ್ದ.

ಮರುವರ್ಷ ಶಾಲೆಯ ಗ್ರಂಥಾಲಯದಲ್ಲಿ ಸ್ಟೀವನ್‌ಸನ್‌ನ ‘ಟ್ರೆಷರ್ ಐಲ್ಯಾಂಡ್’ ಕಾದಂಬರಿಯ ಕನ್ನಡ ಸಂಗ್ರಹವೊಂದು ಸಿಕ್ಕಿತು. 1881–82ರಲ್ಲಿ ಹುಡುಗರ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು 1883ರಲ್ಲಿ ಪುಸ್ತಕವಾದ ಆ ಕಥೆಯಲ್ಲಿ, ಹಡಗು ದ್ವೀಪವನ್ನು ಸಮೀಪಿಸುತ್ತಿರುವ ಸಂಜೆ ಜಿಮ್ ಹಾಕಿನ್ಸ್ ಎಂಬ ಹುಡುಗ ಸೇಬು ತೆಗೆದುಕೊಳ್ಳಲೆಂದು ಬಹುಮಟ್ಟಿಗೆ ಬರಿದಾದ ಪೀಪಾಯಿಯೊಳಕ್ಕೆ ಇಳಿಯುತ್ತಾನೆ. ಅಷ್ಟರಲ್ಲಿ ಭಾರವಾದ ಆಳೊಬ್ಬ ಬಂದು ಆ ಪೀಪಾಯಿಗೇ ಒರಗಿ ಕುಳಿತು, ಹಡಗಿನವರನ್ನು ಕೊಂದು ನಿಧಿ ದೋಚುವ ಹಂಚಿಕೆಯನ್ನು ಎಳೆಯ ನಾವಿಕನೊಬ್ಬನಿಗೆ ಬಿಡಿಸಿ ಹೇಳತೊಡಗುತ್ತಾನೆ. ಅವನು ಲಾಂಗ್ ಜಾನ್ ಸಿಲ್ವರ್, ಹಡಗಿನ ಅಡುಗೆಯವನು. ಜಿಮ್‌ನ ರಕ್ತ ಕುದಿಯುವುದು ಕೊಲೆಯ ಸಂಚು ಕೇಳಿದಾಗಲ್ಲ. ತನ್ನನ್ನು ಹೊಗಳಿದ ಮಾತುಗಳಿಂದಲೇ ಸಿಲ್ವರ್ ಇನ್ನೊಬ್ಬನನ್ನು ಹೊಗಳುವುದನ್ನು ಕೇಳಿದಾಗ. ಸಾಧ್ಯವಿದ್ದರೆ ಪೀಪಾಯಿಯ ಹಲಗೆಯ ಮೂಲಕವೇ ಅವನನ್ನು ಕೊಂದುಬಿಡುತ್ತಿದ್ದೆ ಎಂದು ಅವನು ಬರೆದುಕೊಳ್ಳುತ್ತಾನೆ. ಆ ಸಾಲು ಓದಿ ನಾನು ಪುಸ್ತಕ ಮುಚ್ಚಿ ಸುತ್ತ ನೋಡಿದ್ದು ನೆನಪಿದೆ. ಯಾರೋ ನನ್ನನ್ನು ಕಂಡುಹಿಡಿದರು ಎನ್ನಿಸಿತ್ತು.

ನಮ್ಮಲ್ಲಿ ಸ್ವಾಮಿದ್ರೋಹಕ್ಕೆ ಇರುವ ಮಾತುಗಳೆಲ್ಲ ಊಟದ ಸುತ್ತಲೇ ಹುಟ್ಟಿದವು. ಉಪ್ಪಿನ ಋಣ, ಅನ್ನದ ಋಣ, ಉಂಡ ಮನೆಗೆ ಎರಡು ಬಗೆಯುವುದು, ಉಂಡ ಮನೆಯ ಗಳ ಎಣಿಸುವುದು. ಇವೆಲ್ಲವುಗಳಲ್ಲಿ ಉಂಡವನು ಸಾಲಗಾರ, ಇಕ್ಕಿದವನು ಸಾಲ ಕೊಟ್ಟವನು. ಸ್ಟೀವನ್‌ಸನ್ ಇದನ್ನು ತಿರುಗುಮುರುಗು ಮಾಡಿದ; ಗಳ ಎಣಿಸುವವನ ಕೈಗೇ ಸೌಟು ಕೊಟ್ಟ. ಒಂದು ಕಾಲಿಲ್ಲದ ಸಿಲ್ವರ್‌ನ ರೂಪಕ್ಕೆ ತನ್ನ ಗೆಳೆಯ ಹಾಗೂ ಕವಿ ಹೆನ್ಲಿಯೇ ಪ್ರೇರಣೆ ಎಂದು ಅವನು ಗೆಳೆಯನಿಗೇ ಬರೆದು ಒಪ್ಪಿಕೊಂಡಿದ್ದಾನೆ. ರೋಗದಿಂದ ಕಾಲು ಕಳೆದುಕೊಂಡರೂ ಕುಗ್ಗದ ಆ ಗೆಳೆಯನ ಗತ್ತನ್ನು ಇಟ್ಟುಕೊಂಡು, ಅವನ ಸಜ್ಜನಿಕೆಯನ್ನು ತೆಗೆದುಹಾಕಿದರೆ ಉಳಿಯುವವನೇ ಸಿಲ್ವರ್. ಅಂಥವನನ್ನು ದ್ವೇಷಿಸಲು ಓದುಗನಿಗೆ ಆಗುವುದಿಲ್ಲ. (ನಾಯಕ ಎಂಬುದು ನಮ್ಮೂರಿನಲ್ಲಿ ಪಾಳೆಯಗಾರರ ಬಿರುದು, ಈಗಲೂ ಎಷ್ಟೋ ಜನರ ಹೆಸರಿನ ಬಾಲ. ಹೀಗಾಗಿ ಖಳನಾಯಕ ಎಂದರೆ ಖಳರ ಪಾಳೆಯಪಟ್ಟಿನ ದೊರೆಯಿರಬೇಕೆಂದು ಬಹಳ ದಿನ ತಿಳಿದಿದ್ದೆ. ಸಿಲ್ವರ್‌ಗೆ ಆ ಅರ್ಥ ಚೆನ್ನಾಗಿಯೇ ಒಪ್ಪುತ್ತದೆ.)

ಕಾದಂಬರಿಯ ನಿಜವಾದ ಎತ್ತರ ಪೀಪಾಯಿಯ ಅಧ್ಯಾಯದಲ್ಲಿಲ್ಲ, ಕೊನೆಯ ಭಾಗದಲ್ಲಿದೆ ಎಂದು ನನಗೆ ತಿಳಿದದ್ದು ಮೂಲವನ್ನು ಓದಿದ ಮೇಲೆ. ಜಿಮ್ ಕಡಲ್ಗಳ್ಳರ ಕೈಗೆ ಸಿಕ್ಕಿಬೀಳುತ್ತಾನೆ. ಉಳಿದವರು ಅವನನ್ನು ಮುಗಿಸಲು ಹೊರಟಾಗ ಸಿಲ್ವರ್ ಅಡ್ಡ ನಿಲ್ಲುತ್ತಾನೆ, ಪ್ರೀತಿ ಅರ್ಧ, ಲೆಕ್ಕಾಚಾರ ಅರ್ಧ. ಮರುದಿನ ವೈದ್ಯ ಲಿವ್ಸಿ ಗಾಯಾಳುಗಳನ್ನು ನೋಡಲು ಬಂದವನು ಬೇಲಿಯ ಆಚೆಯಿಂದ ಜಿಮ್‌ಗೆ, ಹಾರಿ ಬಾ, ಓಡಿಹೋಗೋಣ ಎನ್ನುತ್ತಾನೆ. ಜಿಮ್ ಒಪ್ಪುವುದಿಲ್ಲ. ಓಡಿಹೋಗುವುದಿಲ್ಲವೆಂದು ಸಿಲ್ವರ್‌ಗೆ ಮಾತು ಕೊಟ್ಟಿದ್ದೇನೆ ಎನ್ನುತ್ತಾನೆ. ಯಾರಿಗೂ ನಿಷ್ಠನಲ್ಲದವನಿಗೆ ಕೊಟ್ಟ ಮಾತನ್ನು, ಪ್ರಾಣ ಹೋಗುವ ಹೊತ್ತಿನಲ್ಲಿ, ಹುಡುಗನೊಬ್ಬ ಉಳಿಸಿಕೊಳ್ಳುವ ಈ ಗಳಿಗೆಯಲ್ಲಿ ನಾಯಕ ಯಾರು, ಖಳ ಯಾರು ಎಂಬುದಕ್ಕಿಂತ ಮಾತು ಯಾರದು ಎಂಬುದು ದೊಡ್ಡದಾಗುತ್ತದೆ. ಕನ್ನಡದ ಓದುಗರಿಗೆ ಇದು ಹೊಸದೇನಲ್ಲ. ಜನ್ಮದ ಗುಟ್ಟು ಹೇಳಿ ಪಟ್ಟದ ಆಸೆ ತೋರಿಸಿದ ಕೃಷ್ಣನಿಗೆ, ಕೌರವನ ಋಣ ತೀರಿಸುವುದಿದೆ ಎಂದು ಉತ್ತರಿಸಿದ ಕರ್ಣನನ್ನು ಪಂಪನಿಂದ ಹಿಡಿದು ಗಮಕದ ಕಟ್ಟೆಯವರೆಗೆ ಎಲ್ಲರೂ ಮೆಚ್ಚಿಕೊಂಡೇ ಬಂದಿದ್ದಾರೆ. ಆದರೆ ಕರ್ಣನಿಗೆ ಇಕ್ಕಿದವನು ಅವನನ್ನು ನಂಬಿದ್ದ. ಜಿಮ್‌ಗೆ ಆ ಭಾಗ್ಯವೂ ಇರಲಿಲ್ಲ.

ದ್ಯೂಮಾನ ‘ದಿ ತ್ರೀ ಮಸ್ಕಿಟಿಯರ್ಸ್’ ಕುರಿತು ಹೆಚ್ಚು ಹೇಳಲಾರೆ. 1844ರ ಆ ಕಾದಂಬರಿಯ ನಾಲ್ವರು ಗೆಳೆಯರ ‘ಒಬ್ಬನಿಗಾಗಿ ಎಲ್ಲರೂ, ಎಲ್ಲರಿಗಾಗಿ ಒಬ್ಬ’ ಎಂಬ ಘೋಷಣೆ ಎಷ್ಟು ಸವೆದಿದೆಯೆಂದರೆ ಈಗ ಅದು ಕ್ರಿಕೆಟ್ ತಂಡಗಳಿಗೇ ಸರಿ. ನನಗೆ ಅದರಲ್ಲಿ ಇಷ್ಟವಾಗುವವನು ಅವರ ಎದುರಾಳಿ ಕಾರ್ಡಿನಲ್ ರಿಶ್ಲ್ಯೂ. ತನ್ನ ಪಡೆಗೆ ಬರಲು ಕೊಟ್ಟ ಆಹ್ವಾನವನ್ನು ನಾಲ್ವರಲ್ಲೊಬ್ಬನಾದ ದಾರ್ತನ್ಯಾನ್ ಗೆಳೆಯರ ಸಲುವಾಗಿ ನಿರಾಕರಿಸಿದ್ದನ್ನು ಅವನು ಮರೆಯುವುದಿಲ್ಲ. ಕೊನೆಯಲ್ಲಿ ಆ ಎದುರಾಳಿಗೇ ಹೆಸರು ತುಂಬದ ಅಧಿಕಾರಪತ್ರವೊಂದನ್ನು ಕೊಟ್ಟು ಕಳುಹಿಸುತ್ತಾನೆ. ತನಗೆ ಸಿಗದ ನಿಷ್ಠೆಯ ಬೆಲೆ ಬಲ್ಲ ಖಳ ಅಪರೂಪ.

ಪತ್ತೇದಾರಿ ಕಥೆಗೆ ಬಂದರೆ ನನ್ನ ತಕರಾರು ಖಳರ ಮೇಲಲ್ಲ, ಸಾಕ್ಷಾತ್ ಷರ್ಲಾಕ್ ಹೋಮ್ಸ್ ಮೇಲೆ. ಮೊರಿಯಾರ್ಟಿಯನ್ನು ಎಲ್ಲರೂ ಮಹಾಖಳ ಎನ್ನುತ್ತಾರಾದರೂ, ಹೋಮ್ಸ್‌ನ ಕಥೆ ಮುಗಿಸಬೇಕಾಗಿದ್ದ ಕಾನನ್ ಡಾಯ್ಲ್ 1893ರಲ್ಲಿ ಅದೊಂದೇ ಕೆಲಸಕ್ಕೆಂದು ಅವನನ್ನು ಹುಟ್ಟಿಸಿದ. ಹೋಮ್ಸ್‌ನ ಗೆಳೆಯನೂ ಅವನ ಕಥೆಗಳನ್ನು ಬರೆದಿಡುವವನೂ ಆದ ವಾಟ್ಸನ್ ಮೊರಿಯಾರ್ಟಿಯನ್ನು ಕಂಡದ್ದಾದರೂ ಎಷ್ಟು? ರೈಲು ಹೊರಟಾಗ ಜನರ ನಡುವೆ ನುಗ್ಗಿ ಬರುತ್ತಿದ್ದ ಒಂದು ಎತ್ತರದ ಆಕೃತಿ, ಜಲಪಾತದ ದಾರಿಯಲ್ಲಿ ಹಸಿರಿನ ಎದುರು ನಡೆದುಹೋದ ಒಂದು ಕಪ್ಪು ಆಕೃತಿ, ಅಷ್ಟೇ. ಉಳಿದದ್ದೆಲ್ಲ ಹೋಮ್ಸ್ ಹೇಳಿದ್ದನ್ನು ವಾಟ್ಸನ್ ನಂಬಿ ಬರೆದದ್ದು, ವಾಟ್ಸನ್ ಬರೆದದ್ದನ್ನು ನಾವು ನಂಬಿದ್ದು. ಆ ನಂಬಿಕೆಗೆ ಹೋಮ್ಸ್ ಕೊಟ್ಟ ಪ್ರತಿಫಲವನ್ನು ನೋಡಿ. ರೈಖನ್‌ಬಾಖ್ ಜಲಪಾತದಲ್ಲಿ ಮೊರಿಯಾರ್ಟಿಯೊಡನೆ ಬಿದ್ದು ಸತ್ತನೆಂದು ಗೆಳೆಯ ಅಳುತ್ತಿರುವಾಗ ಅವನು ಬದುಕಿರುತ್ತಾನೆ, ಮೇಲಿನ ಬಂಡೆಯ ಮರೆಯಿಂದ ಎಲ್ಲವನ್ನೂ ನೋಡುತ್ತಿರುತ್ತಾನೆ. ಕಥೆಯ ಲೆಕ್ಕದಲ್ಲಿ ಮೂರು ವರ್ಷ ಅವನು ಒಂದು ಸಾಲು ಬರೆಯುವುದಿಲ್ಲ. ಅಣ್ಣ ಮೈಕ್ರಾಫ್ಟ್‌ಗೆ ಮಾತ್ರ ತಿಳಿಸಿರುತ್ತಾನೆ, ಏಕೆಂದರೆ ದುಡ್ಡು ಬೇಕಿತ್ತು. ಓದುಗರು 1903ರವರೆಗೆ ಕಾದ ಆ ಮರಳುವಿಕೆಯ ಕಥೆಯಲ್ಲಿ, ಮುದಿ ಪುಸ್ತಕವ್ಯಾಪಾರಿಯ ವೇಷ ಕಳಚಿ ಹೋಮ್ಸ್ ಎದುರಿಗೆ ನಿಂತಾಗ ವಾಟ್ಸನ್ ಜೀವಮಾನದಲ್ಲಿ ಮೊದಲ ಹಾಗೂ ಕೊನೆಯ ಬಾರಿಗೆ ಮೂರ್ಛೆ ಹೋಗುತ್ತಾನೆ. ಹೋಮ್ಸ್ ಕೊಡುವ ಸಮಜಾಯಿಷಿ ಇದು: ನಾನು ಬದುಕಿದ್ದೇನೆಂದು ನಿನಗೆ ತಿಳಿದಿದ್ದರೆ, ನನ್ನ ಸಾವನ್ನು ನೀನು ಅಷ್ಟು ನಂಬುವಂತೆ ಬರೆಯುತ್ತಿರಲಿಲ್ಲ.

ಇದೊಂದೇ ಸಲವಾಗಿದ್ದರೆ ಬಿಡಬಹುದಿತ್ತು. ಬಾಸ್ಕರ್‌ವಿಲ್‌ನ ನಾಯಿಯ ಕಥೆಯಲ್ಲಿ ವಾಟ್ಸನ್ ಡಾರ್ಟ್‌ಮೂರ್‌ನ ಬಯಲಿನಿಂದ ಶ್ರದ್ಧೆಯಿಂದ ಲಂಡನ್ನಿಗೆ ವರದಿಗಳನ್ನು ಕಳುಹಿಸುತ್ತಿರುವಾಗ, ಹೋಮ್ಸ್ ಅದೇ ಬಯಲಿನ ಕಲ್ಲುಗುಡಿಸಲಿನಲ್ಲಿ ಅಡಗಿ ಕುಳಿತಿರುತ್ತಾನೆ. ಹಾಗಾದರೆ ನೀನು ನನ್ನನ್ನು ಬಳಸಿಕೊಳ್ಳುತ್ತೀಯೇ ಹೊರತು ನಂಬುವುದಿಲ್ಲ ಎಂದು ವಾಟ್ಸನ್ ಕಹಿಯಾಗಿ ಹೇಳುವುದು ಅಲ್ಲಿಯೇ. ನಮ್ಮ ಖಾನಾವಳಿಯ ಅಡುಗೆಯವನು ಮಾವನಿಗೆ ಹೇಳಬಹುದಾಗಿದ್ದ ಮಾತೂ ಅದೇ ಇರಬಹುದೆಂದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ಎಂಟು ವರ್ಷ ಒಲೆಯ ಮುಂದೆ ನಿಂತವನಿಗೆ ಮಾವ ಕೂಲಿ ಏರಿಸಿದ್ದು ಎರಡೇ ಸಲ; ಗಲ್ಲಾದ ಬೀಗದ ಕೈಯನ್ನಂತೂ ಮುಟ್ಟಲು ಬಿಟ್ಟಿರಲಿಲ್ಲ. ಪಟದ ಕೆಳಗಿನ ಮಾತನ್ನು ಅವನೂ ದಿನಾ ಓದುತ್ತಿದ್ದ.

ಹೋಮ್ಸ್‌ನ ಸಾಲ ತೀರುವುದು ಬಹಳ ತಡವಾಗಿ, ‘ದಿ ತ್ರೀ ಗ್ಯಾರಿಡೆಬ್ಸ್’ ಎಂಬ ಕಥೆಯಲ್ಲಿ. 1927ರಲ್ಲಿ ಪ್ರಕಟವಾದ ಕೊನೆಯ ಸಂಕಲನಕ್ಕೆ ಸೇರಿದ ಆ ಕಥೆ ಪತ್ತೇದಾರಿಕೆಯ ದೃಷ್ಟಿಯಿಂದ ಸಾಧಾರಣವಾದದ್ದು, ತಂತ್ರವೂ ಹಳೆಯದೇ. ಆದರೆ ಕೊನೆಯಲ್ಲಿ ಖಳ ಹಾರಿಸಿದ ಗುಂಡು ವಾಟ್ಸನ್‌ನ ತೊಡೆಗೆ ತಾಗಿದಾಗ, ಹೋಮ್ಸ್‌ನ ತುಟಿ ನಡುಗುತ್ತದೆ, ಕಣ್ಣು ಮಂಜಾಗುತ್ತದೆ, ಕಿಸೆಚಾಕುವಿನಿಂದ ಗೆಳೆಯನ ಷರಾಯಿಯನ್ನು ಹರಿದು ಗಾಯ ನೋಡುತ್ತಾನೆ. ಗಾಯ ಆಳವಾಗಿಲ್ಲವೆಂದು ತಿಳಿದ ಮೇಲೆ ಖಳನ ಕಡೆಗೆ ತಿರುಗಿ, ವಾಟ್ಸನ್ ಸತ್ತಿದ್ದರೆ ನೀನು ಈ ಕೋಣೆಯಿಂದ ಜೀವಸಹಿತ ಹೋಗುತ್ತಿರಲಿಲ್ಲ ಎನ್ನುತ್ತಾನೆ. ಆ ತಣ್ಣನೆಯ ಮುಖವಾಡದ ಹಿಂದೆ ಅಷ್ಟು ಪ್ರೀತಿಯಿತ್ತೆಂದು ತಿಳಿಯಲು ಒಂದು ಗಾಯವೇನು, ಹಲವು ಗಾಯಗಳಾದರೂ ಸರಿಯೇ ಎಂದುಕೊಳ್ಳುತ್ತಾನೆ ವಾಟ್ಸನ್. ಪಾಪದ ಮನುಷ್ಯ. ಒಟ್ಟು 60 ಕಥೆಗಳಲ್ಲಿ, 4 ಕಾದಂಬರಿಗಳೂ ಸೇರಿ, ಅವನಿಗೆ ಸಂದಾಯವಾದದ್ದು ಬಹುಮಟ್ಟಿಗೆ ಇದೊಂದು ಕಂತು.

ನಮ್ಮ ಕೋಟೆಯ ಕಥೆಯಲ್ಲಿ ಇಂಥ ಲೆಕ್ಕವೇ ಇಲ್ಲವೆಂದು ಬಹಳ ಜನ ತಿಳಿದಿರುತ್ತಾರೆ. ಹೈದರಾಲಿಯ ಸೈನಿಕರು ಬಂಡೆಯ ಕಿಂಡಿಯಲ್ಲಿ ನುಸುಳಿ ಬರುವುದು, ಕಾವಲಿದ್ದ ಕಹಳೆಯವನು ಊಟಕ್ಕೆ ಮನೆಗೆ ಹೋಗಿರುವುದು, ನೀರಿಗೆಂದು ಬಂದ ಅವನ ಹೆಂಡತಿ ಓಬವ್ವ ಒನಕೆ ಹಿಡಿದು ನಿಂತು, ಇಣುಕಿದ ತಲೆಯನ್ನೆಲ್ಲ ಬಡಿದು ಉರುಳಿಸುವುದು. ಇಲ್ಲಿ ಖಳನಿಗೆ ಮುಖವಿಲ್ಲ, ಹೆಸರಿಲ್ಲ. ಒಂದಾದ ಮೇಲೊಂದು ತಲೆ ಮಾತ್ರ. ಕೋಟೆಯ ಒಡೆಯ ಮದಕರಿ ನಾಯಕ 1779ರಲ್ಲಿ ಸೋತು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಓಬವ್ವ ಅವನ ಉಪ್ಪಿನ ಋಣ ತೀರಿಸಿದಳೆಂದು ಶಾಲೆಯ ಭಾಷಣಗಳಲ್ಲಿ ಕೇಳಿದ್ದೆ. ಆದರೆ ಸಂಬಳ ಪಡೆಯುತ್ತಿದ್ದವನು ಅವಳ ಗಂಡ, ಅವಳಲ್ಲ. ಒಬ್ಬರೇ ಮೈ ಓರೆ ಮಾಡಿಕೊಂಡು ತೂರಬೇಕಾದ ಆ ಕಿಂಡಿಯ ಮುಂದೆ ನಿಂತು, ಅವಳು ಗಂಡನನ್ನು ಏಕೆ ಕೂಗಲಿಲ್ಲ ಎಂದು ನಾನು ಮಾವನನ್ನು ಕೇಳಿದ್ದೆ. ‘ಉಣ್ಣಾಕೆ ಕುಂತೋರನ್ನ ಎಬ್ಬಿಸಬಾರದು ಕಣೋ’ ಎಂದರು ಮಾವ. ಖಾನಾವಳಿಯವರ ಉತ್ತರ. ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಪೀಪಾಯಿಯಿಂದ ಹೊರಬಂದ ಜಿಮ್ ನೇರವಾಗಿ ಹಿರಿಯರಿಗೆ ಸುದ್ದಿ ಮುಟ್ಟಿಸಿದ. ನಾನು ಮುಟ್ಟಿಸಲಿಲ್ಲ. ಅಡುಗೆಯವನು ಹೇಳಿದ್ದ ದಿನವೇ ಹೋದ, ಹುಡುಗನೂ ಹೋದ. ಆ ರಾತ್ರಿಯಿಡೀ ಅತ್ತೆ ರೊಟ್ಟಿ ಬಡಿದರು, ಮಾವ ಒಲೆಗೆ ಸೌದೆ ಇಟ್ಟರು, ನಾನು ಬೆಳಗಿನಿಂದ ಮೇಜಿನಿಂದ ಮೇಜಿಗೆ ನೀರು ಕೊಟ್ಟೆ. ಅತ್ತೆಯ ಅಂಗೈಯಲ್ಲಿ ಎದ್ದ ಬೊಬ್ಬೆಗಳು ಮಾಯಲು ಒಂದು ವಾರ ಬೇಕಾಯಿತು.

ಮಾವ ಈಗ ದಾವಣಗೆರೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಭೂತಗನ್ನಡಿ ಹಿಡಿದು ಇಂದಿಗೂ ಪತ್ತೇದಾರಿ ಕಾದಂಬರಿಗಳನ್ನೇ ಓದುತ್ತಾರೆ. ಕಳೆದ ತಿಂಗಳು ಹೋದಾಗ ಪುಸ್ತಕವನ್ನು ಮಡಿಲಿನಲ್ಲಿ ಮಗುಚಿಟ್ಟು, ಪತ್ತೇದಾರರೆಲ್ಲ ದಡ್ಡರು ಎಂದರು. ‘ಯಾವ ಕಥಿ ತಗಾ, ಮನೆಯಾಗೆ ಒಬ್ರಿಗೆ ಮೊದಲೇ ಗೊತ್ತಿರ್ತತಿ. ಕಳ್ಳನ್ನ ಹುಡುಕೋಕಿಂತ ಮೊದ್ಲು, ಬಾಯಿ ಮುಚ್ಕಂಡು ನೀರು ಕೊಡಾ ಹುಡುಗನ್ನ ಕೇಳ್ಬೇಕು’ ಎಂದು ನನ್ನ ಮುಖವನ್ನೇ ನೋಡಿದರು. ಚಹಾ ಮಾಡಿಸಲೇ ಮಾವ ಎಂದು ಕೇಳಿ ನಾನು ಒಳಗೆ ಹೋದೆ.