ಶುಕ್ರವಾರ ಕೇಳಿದ ಮಾತು

ನಾನು ಕ್ಯಾಲಿಫೋರ್ನಿಯಾದಲ್ಲಿ ಹಾಸ್ಪಿಸ್ ನರ್ಸ್. ಇನ್ನು ಆರು ತಿಂಗಳು ಕಳೆಯುವುದೂ ಕಷ್ಟ ಎಂದು ಡಾಕ್ಟರು ಹೇಳಿದವರ ಮನೆಗೆ ಹೋಗಿ ಅವರ ನೋವು, ವಾಂತಿ, ಉಸಿರಾಟ ನೋಡಿಕೊಳ್ಳುತ್ತೇನೆ. 2021ರಲ್ಲಿ ನನ್ನಿಂದಾದ ಒಂದು ತಪ್ಪನ್ನು, ಈ ಕೆಲಸಕ್ಕೆ ಹೊಸದಾಗಿ ಬರುವ ನಮ್ಮವರಿಗಾಗಿ ಬರೆಯುತ್ತಿದ್ದೇನೆ.

ಬಡಗಿ ಕೆಲಸ ಮಾಡಿಕೊಂಡಿದ್ದವರೊಬ್ಬರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಶುಕ್ರವಾರ ಸಂಜೆ ನಾನು ಬಿಪಿ ಪಟ್ಟಿ ಬಿಚ್ಚುತ್ತಿದ್ದಾಗ ಕೇಳಿದರು: "ಕಾನೂನಲ್ಲಿ ಇದೆಯಲ್ಲ, ಆ ಔಷಧಿ ನನಗೂ ಕೊಡಿಸ್ತೀರಾ?" ಸಾವು ಹತ್ತಿರವಾದವರು ತಾವಾಗಿಯೇ ಪ್ರಾಣ ಬಿಡಲು ಡಾಕ್ಟರು ಬರೆದುಕೊಡುವ ಔಷಧಿಯ ಮಾತದು. ಪಕ್ಕದಲ್ಲಿ ಕೂತು ಮಾತಾಡಿದೆ, ಚಾರ್ಟಿನಲ್ಲೂ ಬರೆದೆ. ಡಾಕ್ಟರಿಗೆ ಮಾತ್ರ ಫೋನ್ ಮಾಡಲಿಲ್ಲ. ಮಂಗಳವಾರ ಅವರೇ ಬರುತ್ತಾರಲ್ಲ ಅಂದುಕೊಂಡೆ.

2016ರ ಜೂನ್‌ನಲ್ಲಿ ಜಾರಿಗೆ ಬಂದ ಇಲ್ಲಿನ ಕಾಯ್ದೆಯ ಪ್ರಕಾರ ನರ್ಸಿಗೆ ಹೇಳಿದ್ದು ಲೆಕ್ಕಕ್ಕಿಲ್ಲ. ರೋಗಿಯೇ ತನ್ನ ವೈದ್ಯರನ್ನು ಎರಡು ಸಲ ಕೇಳಬೇಕು. ಆಗ ನಡುವೆ 15 ದಿನ ಕಳೆಯಬೇಕಿತ್ತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿದ ಅರ್ಜಿ, ಎರಡನೇ ವೈದ್ಯರ ಒಪ್ಪಿಗೆ ಬೇರೆ. ಔಷಧಿಯನ್ನೂ ಬುದ್ಧಿ ಸ್ಥಿಮಿತದಲ್ಲಿರುವಾಗ ತಾನೇ ತೆಗೆದುಕೊಳ್ಳಬೇಕು, ಬೇರೆಯವರು ಕೊಡುವಂತಿಲ್ಲ. 'ದಯಾಮರಣ' ಎಂಬ ನಮ್ಮ ಪತ್ರಿಕೆಗಳ ಪದ ಇದಕ್ಕೆ ಹೊಂದುವುದಿಲ್ಲ ಅನ್ನಿಸುವುದು ಅದಕ್ಕೇ.

ಹೀಗಾಗಿ ಅವರ ದಿನಗಳ ಎಣಿಕೆ ಮಂಗಳವಾರದಿಂದ ಶುರುವಾಯಿತು. ಫ್ರಿಜ್ಜಿನ ಮೇಲೆ ಅಂಟಿಸಿದ್ದ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು, ಬಡಗಿಗಳ ಚಪ್ಪಟೆ ಪೆನ್ಸಿಲ್ಲಿನಲ್ಲಿ. ಔಷಧಿ ಬಲು ಕಹಿ, ಎರಡೇ ನಿಮಿಷದಲ್ಲಿ ಪೂರ್ತಿ ಕುಡಿಯಬೇಕಾಗುತ್ತದೆ ಎಂದು ಗೊತ್ತಾದ ಮೇಲೆ ಅರ್ಧ ಲೋಟ ಸೇಬಿನ ರಸ ಕುಡಿದು ಅಭ್ಯಾಸ ಮಾಡುತ್ತಿದ್ದರು. ಹೆಂಡತಿ ಗೋಡೆ ಗಡಿಯಾರ ನೋಡುತ್ತ ನಿಲ್ಲುತ್ತಿದ್ದರು. ಎರಡನೇ ಸಲ ಕೇಳಬೇಕಿದ್ದದ್ದು ಬುಧವಾರ. ಅದರ ಹಿಂದಿನ ದಿನ, ಮಂಗಳವಾರ ಬೆಳಿಗ್ಗೆ ಹೋದಾಗ ಅವರಿಗೆ ಪ್ರಜ್ಞೆ ಇರಲಿಲ್ಲ. ಮತ್ತೆ ಬರಲೂ ಇಲ್ಲ.

"ಶುಕ್ರವಾರವೇ ಹೇಳಿದ್ದರಲ್ಲ ನಿಮಗೆ?" ಎಂದು ಹೆಂಡತಿ ಕೇಳಿದರು. ಹೌದು ಅಂದೆ. ಅವತ್ತೇ ಎಣಿಕೆ ಶುರುವಾಗಿದ್ದರೆ ಶನಿವಾರಕ್ಕೆ ಮುಗಿದಿರುತ್ತಿತ್ತು.

2022ರ ಜನವರಿಯಿಂದ ಆ 15 ದಿನ 48 ಗಂಟೆಗೆ ಇಳಿದಿದೆ. ನನಗದು ಬಹಳ ದೊಡ್ಡ ಸಮಾಧಾನ. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಆದೇಶ ಹೊರಡಿಸಿದಾಗ "ನಮ್ಮಲ್ಲೂ ನಿಮ್ಮಲ್ಲಿಯ ಥರಾನೇ ಬಂತಂತೆ" ಎಂದು ಚಿಕ್ಕಮ್ಮ ಫೋನ್ ಮಾಡಿದ್ದರು. "ಅದು ಬೇರೆ, ಚಿಕ್ಕಮ್ಮ" ಅಂದೆ. ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ವೆಂಟಿಲೇಟರ್‌ನಂಥ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ಇರುವ ದಾರಿ ಅದು, ಎರಡು ವೈದ್ಯಕೀಯ ಮಂಡಳಿಗಳು ನೋಡಿದ ಮೇಲೆ. ಪ್ರಾಣ ಬಿಡಲು ಔಷಧಿ ಬರೆದುಕೊಡುವ ಕಾನೂನು ಭಾರತದಲ್ಲಿಲ್ಲ.

ಈಗ ಯಾರಾದರೂ ಆ ಮಾತು ಎತ್ತಿದರೆ ಮೊದಲು ನೋವು ಎಷ್ಟಿದೆ, ಭಯ ಯಾವುದರದ್ದು ಎಂದು ಕೇಳುತ್ತೇನೆ. ಕೇಳಿದವರೆಲ್ಲ ಕುಡಿಯುವುದಿಲ್ಲ, ನೋವು ಹತೋಟಿಗೆ ಬಂದ ಮೇಲೆ ಆ ಮಾತು ಬಿಟ್ಟವರೂ ಇದ್ದಾರೆ. ಆದರೂ ಆ ಮನೆಯ ಹೊಸ್ತಿಲು ದಾಟುವ ಮೊದಲೇ ಡಾಕ್ಟರಿಗೆ ಫೋನ್ ಮಾಡುತ್ತೇನೆ: "ಇವರು ನಿಮ್ಮನ್ನೇ ಕೇಳಬೇಕಂತೆ. ಇವತ್ತೇ ಬನ್ನಿ."